ಎಳೆಯುವುದಷ್ಟೇ ಗೊತ್ತಿರುವ ಸುರುಳಿ

ಮನೆಯಲ್ಲಿ ಸ್ವಲ್ಪ ಹೊತ್ತು ಸುಮ್ಮನೆ ಕುಳಿತು ಕಿವಿಗೊಟ್ಟರೆ ಕೆಲವು ಸಣ್ಣ ಸದ್ದುಗಳು ಕೇಳುತ್ತವೆ. ಫ್ರಿಜ್ಜಿನ ಪಕ್ಕದ ಸ್ಟೆಬಿಲೈಸರಿನಿಂದ ಆಗಾಗ 'ಟಕ್'. ಬಟ್ಟೆ ಒಗೆಯುವ ಯಂತ್ರಕ್ಕೆ ನೀರು ನುಗ್ಗುವ ಮೊದಲು ಒಂದು 'ಟಿಕ್'. ಬಾಗಿಲ ಗುಂಡಿ ಒತ್ತಿದರೆ 'ಡಿಂಗ್', ಬಿಟ್ಟರೆ 'ಡಾಂಗ್'. ಕಾರಿನ ಕೀಲಿ ತಿರುಗಿಸಿದಾಗ ಎಂಜಿನ್ ಗುರುಗುಟ್ಟುವ ಮುನ್ನ ಒಂದು 'ಕ್ಲಕ್'. ಹಳ್ಳಿಯ ಓದುಗರಿಗೆ ಇನ್ನೊಂದು ಸದ್ದು ಚೆನ್ನಾಗಿ ಗೊತ್ತು: ಪಂಪ್‌ಸೆಟ್ಟಿನ ಸ್ಟಾರ್ಟರಿನ ಹಸಿರು ಗುಂಡಿ ಒತ್ತಿದೊಡನೆ ಪೆಟ್ಟಿಗೆಯೊಳಗಿಂದ ಬರುವ 'ಧಡ್'. ಈ ಎಲ್ಲ ಸದ್ದುಗಳ ಹಿಂದೆ ಇರುವುದು ಒಂದೇ ಉಪಾಯ. ತಂತಿಯ ಸುರುಳಿಯೊಂದು ಕಬ್ಬಿಣದ ತುಂಡನ್ನು ತನ್ನತ್ತ ಎಳೆದುಕೊಂಡಿತು, ಅಷ್ಟೆ.

ಹತ್ತನೆಯ ತರಗತಿಯ ವಿದ್ಯಾರ್ಥಿಗಳಿಗೆ ಈ ಸುರುಳಿ ಅಪರಿಚಿತವೇನಲ್ಲ. 'ಸೊಲೆನಾಯ್ಡ್ ಎಂದರೇನು? ಅದರ ಕಾಂತೀಯ ಬಲರೇಖೆಗಳ ಚಿತ್ರ ಬರೆಯಿರಿ' ಎಂಬ ಪ್ರಶ್ನೆಗೆ ಬಹುತೇಕ ಎಲ್ಲರೂ ಉತ್ತರ ಬರೆಯುತ್ತಾರೆ. ಸುರುಳಿಯ ಒಳಗೆ ಸಮಾಂತರ ಗೆರೆಗಳು, ಹೊರಗೆ ಬಾಗಿದ ಗೆರೆಗಳು, ಒಂದು ತುದಿಗೆ ಉತ್ತರ, ಇನ್ನೊಂದಕ್ಕೆ ದಕ್ಷಿಣ. ಚಿತ್ರ ಅಂದವಾಗಿರುತ್ತದೆ. ಆದರೆ ಅದೇ ವಿದ್ಯಾರ್ಥಿಯನ್ನು 'ನಿಮ್ಮ ಮನೆಯಲ್ಲಿ ಎಷ್ಟು ಸೊಲೆನಾಯ್ಡ್ ಇವೆ?' ಎಂದು ಕೇಳಿದರೆ ಉತ್ತರ ಬರುವುದಿಲ್ಲ. ಪಠ್ಯಪುಸ್ತಕ ಬಲರೇಖೆಗಳ ಬಳಿ ನಿಂತುಬಿಡುತ್ತದೆ. ಉಪಯೋಗ ಆರಂಭವಾಗುವುದು ಅಲ್ಲಿಂದ ಮುಂದೆ. ಈ ವಾರ ಆ ಮುಂದಿನ ಭಾಗವನ್ನು ನೋಡೋಣ. ಪಂಪ್‌ಸೆಟ್ ಇರುವ ಮನೆಯ ತಂದೆ ತಾಯಂದಿರೂ ಓದಬೇಕೆಂದು ನನ್ನ ಕೋರಿಕೆ. ಏಕೆಂದರೆ ವರ್ಷಕ್ಕೆರಡು ಸಲ ಸ್ಟಾರ್ಟರಿನ 'ಕಾಯಿಲ್' ಏಕೆ ಸುಡುತ್ತದೆ ಎಂಬುದಕ್ಕೂ ಉತ್ತರ ಇಲ್ಲೇ ಇದೆ.

ಮೊದಲು ಸ್ವಲ್ಪ ಇತಿಹಾಸ. ವಿದ್ಯುತ್ ಹರಿಯುವ ತಂತಿಯ ಬಳಿ ದಿಕ್ಸೂಚಿಯ ಮುಳ್ಳು ಅಲುಗುತ್ತದೆ ಎಂದು ಡೆನ್ಮಾರ್ಕಿನ ಏರ್ಸ್ಟೆಡ್ ತೋರಿಸಿದ್ದು 1820ರಲ್ಲಿ. ಸುದ್ದಿ ಪ್ಯಾರಿಸ್ ತಲುಪಿದ್ದೇ ತಡ, ಆಂಪಿಯರ್ ಮತ್ತು ಅರಾಗೊ ಅದರ ಬೆನ್ನು ಹತ್ತಿದರು. ತಂತಿಯನ್ನು ಸುರುಳಿ ಸುತ್ತಿ, ಒಳಗೆ ಉಕ್ಕಿನ ಸೂಜಿಯಿಟ್ಟು ವಿದ್ಯುತ್ ಹರಿಸಿದರೆ ಸೂಜಿ ಕಾಂತವಾಗುತ್ತದೆ ಎಂಬುದು ಅದೇ ವರ್ಷ ತಿಳಿಯಿತು. ಕೊಳವೆಯಾಕಾರದ ಈ ಸುರುಳಿಗೆ ಸೊಲೆನಾಯ್ಡ್ ಎಂದು ಹೆಸರಿಟ್ಟವನು ಆಂಪಿಯರನೇ. ಗ್ರೀಕ್ ಭಾಷೆಯಲ್ಲಿ 'ಸೊಲೆನ್' ಎಂದರೆ ಕೊಳವೆ.

1825ರಲ್ಲಿ ಇಂಗ್ಲೆಂಡಿನ ವಿಲಿಯಂ ಸ್ಟರ್ಜನ್ ಉಕ್ಕಿನ ಬದಲು ಮೆದು ಕಬ್ಬಿಣ ಬಳಸಿದ. ಈತ ಚಮ್ಮಾರನ ಬಳಿ ಕೆಲಸ ಕಲಿತು, ಸೈನ್ಯಕ್ಕೆ ಸೇರಿ, ತಾನಾಗಿಯೇ ವಿಜ್ಞಾನ ಓದಿಕೊಂಡವನು. ಕುದುರೆ ಲಾಳದಂತೆ ಬಗ್ಗಿಸಿದ ಸುಮಾರು 200 ಗ್ರಾಂ ಕಬ್ಬಿಣಕ್ಕೆ ಅರಗು ಬಳಿದು, ಅದರ ಮೇಲೆ 18 ಸುತ್ತು ಬರಿಯ ತಾಮ್ರದ ತಂತಿ ಸುತ್ತಿದ. ಅದು ಸುಮಾರು 4 ಕಿಲೋಗ್ರಾಂ ಎತ್ತಿತು. ಅದಕ್ಕಿಂತ ಮುಖ್ಯವಾದದ್ದು, ವಿದ್ಯುತ್ ನಿಲ್ಲಿಸಿದೊಡನೆ ಆ ತೂಕ ಕೆಳಗೆ ಬಿತ್ತು. ಉಕ್ಕಿನ ಸೂಜಿ ಹಿಡಿದ ಕಾಂತತ್ವವನ್ನು ಬಿಡುವುದಿಲ್ಲ, ಮೆದು ಕಬ್ಬಿಣ ಬಿಡುತ್ತದೆ. ಹಿಡಿಯುವುದಕ್ಕಿಂತ ಬಿಡುವ ಈ ಗುಣದಿಂದಲೇ ಯಂತ್ರಗಳು ಸಾಧ್ಯವಾದವು. ಮುಂದೆ ಅಮೆರಿಕದ ಜೋಸೆಫ್ ಹೆನ್ರಿ ಕಬ್ಬಿಣಕ್ಕೆ ಅರಗು ಬಳಿಯುವ ಬದಲು ತಂತಿಗೇ ಹೊದಿಕೆ ಹಾಕಿ, ಸುತ್ತಿನ ಪಕ್ಕಕ್ಕೆ ಸುತ್ತು, ಪದರದ ಮೇಲೆ ಪದರ ಸುತ್ತಿದ. 1831ರಲ್ಲಿ ಅವನ ಒಂದು ವಿದ್ಯುತ್ಕಾಂತ 900 ಕಿಲೋಗ್ರಾಮಿಗೂ ಹೆಚ್ಚು ಭಾರ ಹಿಡಿಯಿತು. ಅದೇ ಕಾಲದಲ್ಲಿ ಆಲ್ಬನಿ ನಗರದಲ್ಲಿ ಅವನು ಒಂದು ಮೈಲಿಗೂ ಉದ್ದದ ತಂತಿಯ ಆಚೆ ತುದಿಯಲ್ಲಿ ಗಂಟೆ ಬಾರಿಸಿ ತೋರಿಸಿದ. ನಿಮ್ಮ ಬಾಗಿಲ ಗಂಟೆಯ ಮುತ್ತಜ್ಜ ಅದು.

ಈಗ ಸುರುಳಿಯೊಳಕ್ಕೆ ಬರೋಣ. ಮೀಟರಿಗೆ 1000 ಸುತ್ತಿನಂತೆ ಒತ್ತಾಗಿ ಸುತ್ತಿದ ಉದ್ದನೆಯ ಸುರುಳಿಯಲ್ಲಿ 1 ಆಂಪಿಯರ್ ಹರಿಸಿದರೆ ಒಳಗಿನ ಕಾಂತಕ್ಷೇತ್ರ ಸುಮಾರು 1.26 ಮಿಲಿಟೆಸ್ಲಾ. ನಮ್ಮ ಕಡೆ ಭೂಮಿಯ ಕಾಂತಕ್ಷೇತ್ರ ಸುಮಾರು 40 ಮೈಕ್ರೊಟೆಸ್ಲಾ. ಅದರ 30 ಪಟ್ಟು ಎಂದಾಯಿತು. ದಿಕ್ಸೂಚಿಯನ್ನು ಗಿರಕಿ ಹೊಡೆಸಲು ಇದು ಧಾರಾಳ, ಆದರೆ ಕೆಲಸಕ್ಕೆ ಸಾಲದು. ಮೆದು ಕಬ್ಬಿಣದ ದಿಂಡೊಂದನ್ನು ಸುರುಳಿಯ ಬಾಯಲ್ಲಿ ಹಿಡಿದರೆ ಕತೆ ಬದಲಾಗುತ್ತದೆ. ಕಬ್ಬಿಣ ತಾನೇ ಕಾಂತವಾಗಿ, ಸುರುಳಿಯ ಕಾಂತಕ್ಷೇತ್ರಕ್ಕೆ ತನ್ನದನ್ನೂ ಸೇರಿಸಿ, ಒಳಕ್ಕೆ ಸೆಳೆಯಲ್ಪಡುತ್ತದೆ. ಯಂತ್ರದವರು ಇದನ್ನು ಪ್ಲಂಜರ್ ಎನ್ನುತ್ತಾರೆ. ನಾವು ದಿಂಡು ಎನ್ನೋಣ.

ತರಗತಿಯಲ್ಲಿ ಜಾಣ ಹುಡುಗಿಯರು ಕೇಳುವ ಪ್ರಶ್ನೆಯೊಂದಿದೆ. ವಿದ್ಯುತ್ತಿನ ದಿಕ್ಕು ಬದಲಿಸಿದರೆ ಸುರುಳಿಯ ಉತ್ತರ ದಕ್ಷಿಣಗಳು ಅದಲುಬದಲಾಗುತ್ತವಲ್ಲ, ಆಗ ದಿಂಡನ್ನು ಹೊರಕ್ಕೆ ತಳ್ಳಬೇಕಲ್ಲವೆ? ತಳ್ಳುವುದಿಲ್ಲ. ಮೆದು ಕಬ್ಬಿಣಕ್ಕೆ ತನ್ನದೇ ಆದ ಧ್ರುವಗಳಿಲ್ಲ. ಸುರುಳಿ ಯಾವ ಧ್ರುವ ತೋರಿಸಿದರೂ ಅದಕ್ಕೆ ವಿರುದ್ಧ ಧ್ರುವ ಅದರಲ್ಲಿ ಹುಟ್ಟುತ್ತದೆ. ವಿರುದ್ಧ ಧ್ರುವಗಳು ಆಕರ್ಷಿಸುತ್ತವೆ. ಹಾಗಾಗಿ ಸುರುಳಿಗೆ ಎಳೆಯುವುದು ಮಾತ್ರ ಗೊತ್ತು, ತಳ್ಳುವುದು ಗೊತ್ತಿಲ್ಲ. ಹಿಂದಕ್ಕೆ ಕಳಿಸುವ ಕೆಲಸವನ್ನು ಯಾವಾಗಲೂ ಒಂದು ಸ್ಪ್ರಿಂಗ್ ಅಥವಾ ದಿಂಡಿನ ಭಾರವೇ ಮಾಡಬೇಕು. ಯಾವ ಸೊಲೆನಾಯ್ಡ್ ಸಾಧನವನ್ನು ಬಿಚ್ಚಿದರೂ ಒಳಗೊಂದು ಸ್ಪ್ರಿಂಗ್ ಸಿಗುವುದು ಇದರಿಂದಲೇ. ಡಿಂಗ್ ಡಾಂಗ್ ಗಂಟೆಯಲ್ಲಿ 'ಡಿಂಗ್' ಸುರುಳಿಯದು, 'ಡಾಂಗ್' ಸ್ಪ್ರಿಂಗಿನದು.

ಎಳೆತದ ಬಲ ಎಷ್ಟು? ಇಲ್ಲಿಯೇ ಮುಖ್ಯ ವಿಷಯ ಇರುವುದು. ದಿಂಡಿಗೂ ಅದು ಹೋಗಿ ಕಚ್ಚಿಕೊಳ್ಳಬೇಕಾದ ಕಬ್ಬಿಣಕ್ಕೂ ನಡುವಿನ ಗಾಳಿಯ ಸಂದು ಎಷ್ಟಿದೆ ಎಂಬುದರ ಮೇಲೆ ಅದು ನಿಂತಿದೆ. ಪ್ರವಾಹ ಒಂದೇ ಸಮನಿದ್ದರೆ, ಸಂದು ಅರ್ಧಕ್ಕಿಳಿದಾಗ ಬಲ ನಾಲ್ಕು ಪಟ್ಟಾಗುತ್ತದೆ. ಒಂದು ಲೆಕ್ಕ ಮಾಡೋಣ. 1000 ಸುತ್ತು, ಅರ್ಧ ಆಂಪಿಯರ್, ದಿಂಡಿನ ಮುಖ 1 ಚದರ ಸೆಂಟಿಮೀಟರ್ ಇರಲಿ. ಕಬ್ಬಿಣದ ಸ್ವಂತ ತಡೆಯನ್ನೂ ಬಲರೇಖೆಗಳು ಅಂಚಿನಲ್ಲಿ ಚದುರುವುದನ್ನೂ ಬಿಟ್ಟು ಲೆಕ್ಕ ಹಾಕಿದರೆ, ಸಂದು 5 ಮಿಲಿಮೀಟರ್ ಇದ್ದಾಗ ಎಳೆತ ಸುಮಾರು 64 ಗ್ರಾಂ ತೂಕದಷ್ಟು. ಸಂದು 1 ಮಿಲಿಮೀಟರಿಗೆ ಬಂದಾಗ ಸುಮಾರು 1,600 ಗ್ರಾಂ! ಅದೇ ತಂತಿ, ಅದೇ ಪ್ರವಾಹ, 25 ಪಟ್ಟು ಬಲ. ದಿಂಡು ಮೆಲ್ಲನೆ ಹೊರಟು ಕೊನೆಯಲ್ಲಿ ಧಡಕ್ಕನೆ ಬಡಿಯುವುದು ಇದಕ್ಕೇ. ನೀವು ಕೇಳುವ 'ಟಕ್' ಆ ಕೊನೆಯ ಮಿಲಿಮೀಟರಿನ ಸದ್ದು. ದೂರದಲ್ಲಿ ದುರ್ಬಲ, ಮುಟ್ಟಿದ ಮೇಲೆ ಬಿಡಿಸಲಾಗದಷ್ಟು ಗಟ್ಟಿ. ಈ ಮಾತನ್ನು ನೆನಪಿಡಿ, ಮುಂದೆ ಬೇಕಾಗುತ್ತದೆ.

ಸುತ್ತು ಮತ್ತು ಪ್ರವಾಹದ ಗುಣಲಬ್ಧವೇ ಮುಖ್ಯವಾದ್ದರಿಂದ, ತೆಳು ತಂತಿಯ ಸಾವಿರಾರು ಸುತ್ತಿನಲ್ಲಿ ಚೂರು ಪ್ರವಾಹ ಹರಿಸಿದರೂ ಒಂದೇ, ದಪ್ಪ ತಂತಿಯ ಕೆಲವೇ ಸುತ್ತಿನಲ್ಲಿ ಭಾರಿ ಪ್ರವಾಹ ಹರಿಸಿದರೂ ಒಂದೇ. ಎರಡನೆಯ ಬಗೆಯದು ನಿಮ್ಮ ಮನೆಯ ಎಂ.ಸಿ.ಬಿ.ಯಲ್ಲಿದೆ. ಅದರ ಮೇಲೆ 'ಸಿ16' ಎಂದು ಬರೆದಿದ್ದರೆ 16 ಆಂಪಿಯರ್ ನಿರಂತರ ಹರಿಯಬಹುದು ಎಂದರ್ಥ. ಆ ಪ್ರವಾಹ ಹಾದುಹೋಗುವ ದಾರಿಯಲ್ಲೇ ಕೆಲವು ಸುತ್ತಿನ ಸುರುಳಿಯಿದೆ. 16 ಆಂಪಿಯರಿಗೆ ದಿಂಡು ಮಿಸುಕುವುದಿಲ್ಲ, ಸ್ಪ್ರಿಂಗ್ ತಡೆದಿರುತ್ತದೆ. ಶಾರ್ಟ್ ಸರ್ಕ್ಯೂಟ್ ಆಗಿ ಪ್ರವಾಹ ಐದರಿಂದ ಹತ್ತು ಪಟ್ಟಾದರೆ, ಅಂದರೆ 80ರಿಂದ 160 ಆಂಪಿಯರಿನ ನಡುವೆ ಎಲ್ಲೋ ಒಂದು ಕಡೆ, ಸ್ಪ್ರಿಂಗ್ ಸೋಲುತ್ತದೆ. ದಿಂಡು ನುಗ್ಗಿ ಕೊಂಡಿ ಬಿಡಿಸುತ್ತದೆ. ಸೆಕೆಂಡಿನ ಹತ್ತನೇ ಒಂದು ಭಾಗದೊಳಗೆ ಕೆಲಸ ಮುಗಿಯುತ್ತದೆ. ಹೀಟರು, ಇಸ್ತ್ರಿಪೆಟ್ಟಿಗೆ ಎಲ್ಲ ಒಟ್ಟಿಗೆ ಹಾಕಿ ಸ್ವಲ್ಪವೇ ಹೆಚ್ಚು ಪ್ರವಾಹ ಎಳೆದಾಗ ನಿಧಾನವಾಗಿ ಬಿದ್ದುಕೊಳ್ಳುತ್ತದಲ್ಲ, ಅದು ಸುರುಳಿಯ ಕೆಲಸವಲ್ಲ. ಪಕ್ಕದಲ್ಲಿರುವ, ಬಿಸಿಗೆ ಬಾಗುವ ಜೋಡಿ ಲೋಹದ ಪಟ್ಟಿಯದು.

ಇದುವರೆಗೆ ಹೇಳಿದ್ದರಲ್ಲಿ ನೇರ ವಿದ್ಯುತ್ತು, ಪರ್ಯಾಯ ವಿದ್ಯುತ್ತು ಎಂಬ ಭೇದ ಮಾಡಲಿಲ್ಲ. ದಿಕ್ಕು ಯಾವುದಾದರೂ ಎಳೆಯುತ್ತದೆ ಎಂದ ಮೇಲೆ ಪರ್ಯಾಯ ವಿದ್ಯುತ್ತಿನಲ್ಲೂ ನಡೆಯಬೇಕು, ನಡೆಯುತ್ತದೆ. ಆದರೆ ಎರಡು ತೊಡಕುಗಳಿವೆ. ಒಂದು ಸಣ್ಣದು, ಒಂದು ದೊಡ್ಡದು.

ಸಣ್ಣದು ಇದು. ನಮ್ಮ ಪರ್ಯಾಯ ವಿದ್ಯುತ್ತು ಸೆಕೆಂಡಿಗೆ 50 ಆವರ್ತ. ಪ್ರತಿ ಆವರ್ತದಲ್ಲಿ ಎರಡು ಬಾರಿ ಪ್ರವಾಹ ಸೊನ್ನೆಯಾಗುತ್ತದೆ. ಅಂದರೆ ಸೆಕೆಂಡಿಗೆ ನೂರು ಸಲ ಸುರುಳಿ ಹಿಡಿತ ಸಡಿಲಿಸುತ್ತದೆ, ಸ್ಪ್ರಿಂಗ್ ಹಿಂದಕ್ಕೆ ಜಗ್ಗುತ್ತದೆ. ದಿಂಡು ಗಡಗಡ ನಡುಗಬೇಕು. ಇದನ್ನು ತಡೆಯಲು ಕಬ್ಬಿಣದ ಮುಖದಲ್ಲಿ ಒಂದು ಗೀರು ಕೊರೆದು ತಾಮ್ರದ ಸಣ್ಣ ಉಂಗುರ ಕೂರಿಸಿರುತ್ತಾರೆ. ಅದರಲ್ಲಿ ಪ್ರೇರಿತವಾಗುವ ವಿದ್ಯುತ್ತು ಆ ಭಾಗದ ಕಾಂತಕ್ಷೇತ್ರವನ್ನು ತುಸು ತಡವಾಗಿ ಏರಿಳಿಸುತ್ತದೆ. ಮುಖದ ಒಂದು ಭಾಗ ಕೈಬಿಟ್ಟ ಕ್ಷಣ ಇನ್ನೊಂದು ಭಾಗ ಹಿಡಿದುಕೊಂಡಿರುತ್ತದೆ. ಬೆರಳುಂಗುರದಷ್ಟೂ ಇಲ್ಲದ ಈ ತಾಮ್ರದ ಚೂರು ನನ್ನ ಮಟ್ಟಿಗೆ ಇಡೀ ಸಾಧನದಲ್ಲೇ ಸೊಗಸಾದ ಭಾಗ. ಅದು ಬಿರುಕು ಬಿಟ್ಟರೆ ಅಥವಾ ಮುಖಗಳ ನಡುವೆ ದೂಳು ಕೂತರೆ ಸ್ಟಾರ್ಟರು 'ಗುಂಯ್' ಎಂದು ಅರಚತೊಡಗುತ್ತದೆ.

ದೊಡ್ಡ ತೊಡಕಿಗೆ ಸ್ವಲ್ಪ ಸಾವಧಾನ ಬೇಕು. ನೇರ ವಿದ್ಯುತ್ತಿನ ಸುರುಳಿಯಲ್ಲಿ ಎಷ್ಟು ಪ್ರವಾಹ ಹರಿಯಬೇಕೆಂದು ತೀರ್ಮಾನಿಸುವುದು ತಂತಿಯ ರೋಧ ಮಾತ್ರ. ದಿಂಡು ಒಳಗಿರಲಿ, ಹೊರಗಿರಲಿ, ಪ್ರವಾಹ ಅಷ್ಟೇ. ಪರ್ಯಾಯ ವಿದ್ಯುತ್ತಿನಲ್ಲಿ ಹಾಗಲ್ಲ. ಏರಿಳಿಯುವ ಕಾಂತಕ್ಷೇತ್ರ ಸುರುಳಿಯಲ್ಲೇ ವಿರುದ್ಧ ವೋಲ್ಟೇಜನ್ನು ಪ್ರೇರಿಸುತ್ತದೆ. ಹೊರಗಿನ ವೋಲ್ಟೇಜಿಗೆ ಅಡ್ಡ ನಿಲ್ಲುವುದು ಬಹುಮಟ್ಟಿಗೆ ಇದೇ; ತಂತಿಯ ರೋಧ ಕಡಿಮೆ. ದಿಂಡು ಕಚ್ಚಿಕೊಂಡು ಸಂದು ಮುಚ್ಚಿದ್ದರೆ, ಅಷ್ಟು ಕಾಂತಕ್ಷೇತ್ರವನ್ನು ಹುಟ್ಟಿಸಲು ಚೂರು ಪ್ರವಾಹ ಸಾಕು. ಸಂದು ತೆರೆದಿದ್ದರೆ ಅದೇ ಕಾಂತಕ್ಷೇತ್ರಕ್ಕೆ ಐದರಿಂದ ಹತ್ತು ಪಟ್ಟು ಪ್ರವಾಹ ಬೇಕು. ಸುರುಳಿ ಅದನ್ನು ಎಳೆದುಕೊಳ್ಳುತ್ತದೆ. ಇದರಿಂದ ಅನುಕೂಲವೂ ಉಂಟು: ದೂರದಲ್ಲಿರುವ ದಿಂಡನ್ನು ಎಳೆಯಲು ಹೆಚ್ಚಿನ ಬಲ ತಾನಾಗಿಯೇ ಸಿಗುತ್ತದೆ. ಎಲ್ಲ ಸರಿಯಿದ್ದರೆ ದಿಂಡು ಕಣ್ಣು ಮಿಟುಕಿಸುವುದರೊಳಗೆ ಕಚ್ಚಿಕೊಂಡು ಪ್ರವಾಹ ಇಳಿದುಬಿಡುತ್ತದೆ. ಸರಿಯಿಲ್ಲದಿದ್ದರೆ? ದಿಂಡು ನಡುದಾರಿಯಲ್ಲಿ ಸಿಕ್ಕಿಕೊಂಡರೆ ಪ್ರವಾಹ ಇಳಿಯುವುದೇ ಇಲ್ಲ. ಬಿಸಿ ಪ್ರವಾಹದ ವರ್ಗಕ್ಕೆ ಅನುಗುಣ. ಪ್ರವಾಹ 6 ಪಟ್ಟಾದರೆ ಬಿಸಿ 36 ಪಟ್ಟು. ತಂತಿಯ ಮೇಲಿನ ಎನಾಮಲ್ ಕರಗಿ, ಸುತ್ತು ಸುತ್ತಿಗೆ ತಗುಲಿ, ಹೊಗೆ ಏಳಲು ಹೆಚ್ಚು ಹೊತ್ತು ಬೇಡ.

ಪರ್ಯಾಯ ವಿದ್ಯುತ್ತಿನ ಸುರುಳಿ ಸುಡುವುದು ಬಹಳ ಸಲ ಕೆಲಸ ಹೆಚ್ಚಾಗಿ ಅಲ್ಲ, ಕೆಲಸ ಪೂರ್ತಿ ಮಾಡಲಾಗದೆ.

ಬಟ್ಟೆ ಒಗೆಯುವ ಯಂತ್ರದ ಕವಾಟದಲ್ಲಿ ಈ ತೊಡಕನ್ನು ಜಾಣತನದಿಂದ ದಾಟಿದ್ದಾರೆ. ನಲ್ಲಿಯ ಒತ್ತಡದ ವಿರುದ್ಧ ದೊಡ್ಡ ಮುಚ್ಚಳವನ್ನು ಎತ್ತಲು ದೊಡ್ಡ ಸುರುಳಿಯೇ ಬೇಕಾಗುತ್ತಿತ್ತು. ಅದರ ಬದಲು ರಬ್ಬರಿನ ಪೊರೆಯೊಂದನ್ನು ನೀರಿನ ಒತ್ತಡವೇ ಮುಚ್ಚಿ ಹಿಡಿದಿರುತ್ತದೆ. ಪೊರೆಯ ನಡುವೆ ಸೂಜಿಗಾತ್ರದ ತೂತು. ಪುಟ್ಟ ದಿಂಡು ಎತ್ತುವುದು ಆ ತೂತಿನ ಮುಚ್ಚಳವನ್ನು ಮಾತ್ರ. ಪೊರೆಯ ಮೇಲಿನ ನೀರು ಸೋರಿ ಒತ್ತಡ ಇಳಿದೊಡನೆ ಕೆಳಗಿನ ನೀರು ತಾನೇ ಪೊರೆಯನ್ನು ಎತ್ತಿಕೊಂಡು ನುಗ್ಗುತ್ತದೆ. ಆನೆಯನ್ನು ತಳ್ಳಲಾರದ ಮಾವುತ ಅಂಕುಶ ಮುಟ್ಟಿಸಿದಂತೆ. ಒಂದು ಕೊರತೆ ಎಂದರೆ ಇದಕ್ಕೆ ನೀರಿನ ಒತ್ತಡ ಇರಲೇಬೇಕು. ಕೈಪಿಡಿಯಲ್ಲಿ ಕನಿಷ್ಠ 0.3 ಬಾರ್ ಎಂದಿದ್ದರೆ ಟ್ಯಾಂಕಿನ ನೀರು ಕವಾಟಕ್ಕಿಂತ 3 ಮೀಟರ್ ಮೇಲಿರಬೇಕು. ಟ್ಯಾಂಕು ಸ್ನಾನದ ಮನೆಯ ತಾರಸಿಯ ಮೇಲೆಯೇ ಕೂತಿದ್ದರೆ ಯಂತ್ರ ಸರಿಯಾಗಿ ತುಂಬುವುದಿಲ್ಲ, ಕೆಲವೊಮ್ಮೆ ನೀರು ಪೂರ್ತಿ ನಿಲ್ಲುವುದೂ ಇಲ್ಲ. ರಿಪೇರಿಯವನನ್ನು ಕರೆಸುವ ಮೊದಲು ಒಂದು ಅಳತೆ ಟೇಪು ತೆಗೆದುಕೊಳ್ಳಿ.

ಕಾರಿನಲ್ಲಿ ಇರುವುದು ಬ್ಯಾಟರಿಯ ನೇರ ವಿದ್ಯುತ್ತು. ಅಲ್ಲಿ ದೂರದ ದಿಂಡನ್ನು ಎಳೆಯಲು ತಾನಾಗಿ ಹೆಚ್ಚು ಪ್ರವಾಹ ಬರುವುದಿಲ್ಲ. ಆದ್ದರಿಂದ ಸ್ಟಾರ್ಟರಿನ ಸೊಲೆನಾಯ್ಡಿನಲ್ಲಿ ಎರಡು ಸುರುಳಿಗಳು: ಎಳೆಯಲು ದಪ್ಪ ತಂತಿಯದು, ಹಿಡಿದುಕೊಳ್ಳಲು ತೆಳು ತಂತಿಯದು. ಕೀಲಿ ತಿರುಗಿಸಿದಾಗ ಎರಡೂ ಸೇರಿ ದಿಂಡನ್ನು ಎಳೆಯುತ್ತವೆ. ದಿಂಡು ಒಂದು ಕಡೆ ಸಣ್ಣ ಹಲ್ಲುಚಕ್ರವನ್ನು ಎಂಜಿನ್ನಿನ ದೊಡ್ಡ ಚಕ್ರಕ್ಕೆ ಕೂಡಿಸುತ್ತದೆ, ಇನ್ನೊಂದು ಕಡೆ ತಾಮ್ರದ ದಪ್ಪ ಬಿಲ್ಲೆಯನ್ನು ಒತ್ತಿ ಮೋಟಾರಿಗೆ ವಿದ್ಯುತ್ ಕೊಡುತ್ತದೆ. ಬಿಲ್ಲೆ ಮುಟ್ಟಿದೊಡನೆ ಎಳೆಯುವ ಸುರುಳಿಯ ಎರಡೂ ತುದಿಗೆ ಒಂದೇ ವೋಲ್ಟೇಜು ಬಂದು ಅದು ತಾನಾಗಿ ನಿಂತುಹೋಗುತ್ತದೆ. ಮುಚ್ಚಿದ ಸಂದನ್ನು ಹಿಡಿದಿರಲು ತೆಳು ಸುರುಳಿ ಸಾಕು. ಬ್ಯಾಟರಿ ಸೋತ ದಿನ 'ಟಿಕ್ ಟಿಕ್ ಟಿಕ್' ಕೇಳಿದ್ದೀರಲ್ಲ? ದಿಂಡು ಕಚ್ಚಿತು, ಮೋಟಾರು ಭಾರಿ ಪ್ರವಾಹ ಎಳೆಯಿತು, ಬ್ಯಾಟರಿಯ ವೋಲ್ಟೇಜು ಕುಸಿಯಿತು, ಹಿಡಿಯುವ ಸುರುಳಿ ಕೈಬಿಟ್ಟಿತು, ಮೋಟಾರು ನಿಂತಿತು, ವೋಲ್ಟೇಜು ಏರಿತು, ದಿಂಡು ಮತ್ತೆ ಕಚ್ಚಿತು. ಸೊಲೆನಾಯ್ಡ್ ಕೆಟ್ಟಿಲ್ಲ, ಅದು ಬ್ಯಾಟರಿಯ ಸ್ಥಿತಿ ಹೇಳುತ್ತಿದೆ.

ಇದೇ ಆಟ ತೋಟದಲ್ಲಿ ನಡೆದಾಗ ನಷ್ಟ ದೊಡ್ಡದು.

ಪಂಪ್‌ಸೆಟ್ಟಿನ ಸ್ಟಾರ್ಟರಿನೊಳಗೆ ಕಾಂಟ್ಯಾಕ್ಟರ್ ಎಂಬ ಭಾಗವಿದೆ. ಒಂದು ಸುರುಳಿ, ಅದು ಎಳೆಯುವ ಕಬ್ಬಿಣ, ಆ ಕಬ್ಬಿಣದ ಜೊತೆ ಚಲಿಸಿ ಮೂರು ಫೇಸಿನ ತಂತಿಗಳನ್ನು ಕೂಡಿಸುವ ಮೂರು ಜೊತೆ ಬೆಸುಗೆ ಬಿಂದುಗಳು. ಹಸಿರು ಗುಂಡಿ ಒತ್ತಿದರೆ ಸುರುಳಿಗೆ ವಿದ್ಯುತ್ ಸಿಗುತ್ತದೆ. ಕಬ್ಬಿಣ ಕೆಳಗಿಳಿದಾಗ ಇನ್ನೊಂದು ಸಣ್ಣ ಜೋಡಿಯೂ ಕೂಡಿಕೊಂಡು, ಗುಂಡಿ ಬಿಟ್ಟ ಮೇಲೂ ಸುರುಳಿಗೆ ವಿದ್ಯುತ್ ಹರಿಸುತ್ತಿರುತ್ತದೆ. ಸುರುಳಿ ತನ್ನನ್ನು ತಾನೇ ಹಿಡಿದುಕೊಂಡಿದೆ ಎನ್ನಬಹುದು. ಕೆಂಪು ಗುಂಡಿ ಒತ್ತಿದರೆ ಆ ದಾರಿ ಕಡಿಯುತ್ತದೆ. ಮೋಟಾರು ಹೆಚ್ಚು ಪ್ರವಾಹ ಎಳೆದು ಓವರ್‌ಲೋಡ್ ರಿಲೇ ಬಿಸಿಯಾದರೆ ಅದು ಕಡಿಯುವುದೂ ಇದೇ ದಾರಿಯನ್ನು. ಕರೆಂಟು ಹೋದರೆ ಸುರುಳಿ ಬಿಟ್ಟುಬಿಡುತ್ತದೆ. ಬಂದಾಗ ತಾನಾಗಿ ಹಿಡಿಯುವುದಿಲ್ಲ. ಹಳಬರು ಇದನ್ನು 'ನೋ ವೋಲ್ಟ್ ಕಾಯಿಲ್' ಎನ್ನುವುದು ಅದಕ್ಕೇ.

ತಾನಾಗಿ ಹಿಡಿಯದಿರುವುದು ರಕ್ಷಣೆ. ಆದರೆ ಮೂರು ಫೇಸ್ ಕರೆಂಟು ದಿನಕ್ಕೆ ಕೆಲವೇ ಗಂಟೆ, ಅದೂ ಅವೇಳೆಯಲ್ಲಿ ಬರುವ ಕಡೆ ರೈತನಿಗೆ ಅದು ಶಿಕ್ಷೆಯಂತೆ ಕಾಣುತ್ತದೆ. ಹಾವು ಚೇಳುಗಳ ನಡುವೆ ರಾತ್ರಿ ಎರಡು ಗಂಟೆಗೆ ಎದ್ದು ಹೋಗಿ ಗುಂಡಿ ಒತ್ತಬೇಕು. ಹಾಗಾಗಿ 'ಆಟೋ' ಬಂತು. ಕರೆಂಟು ಬಂದೊಡನೆ ಸುರುಳಿಗೆ ವಿದ್ಯುತ್ ಕೊಡುವ ಜೋಡಣೆ. ರೈತರನ್ನು ಇದಕ್ಕಾಗಿ ದೂರುವವರು ಒಂದು ರಾತ್ರಿ ಹೋಗಿ ಗುಂಡಿ ಒತ್ತಿ ಬರಲಿ.

ಆದರೆ ಒಂದೇ ಟ್ರಾನ್ಸ್‌ಫಾರ್ಮರಿನ ಎಲ್ಲರೂ ಆಟೋ ಹಾಕಿದಾಗ ಏನಾಗುತ್ತದೆ ನೋಡಿ. 63 ಕೆ.ವಿ.ಎ. ಟ್ರಾನ್ಸ್‌ಫಾರ್ಮರು ಒಂದೊಂದು ತಂತಿಗೆ ಕೊಡಬಲ್ಲ ಪ್ರವಾಹ ಸುಮಾರು 84 ಆಂಪಿಯರ್. ಐದು ಅಶ್ವಶಕ್ತಿಯ ಮೋಟಾರು ಓಡುವಾಗ ಸುಮಾರು 7.5 ಆಂಪಿಯರ್ ಎಳೆಯುತ್ತದೆ. ಹತ್ತು ಮೋಟಾರಿಗೆ 75. ಲೆಕ್ಕ ಸರಿಯಾಯಿತು, ಜಾಗವೂ ಉಳಿಯಿತು. ಆದರೆ ನಿಂತ ಮೋಟಾರು ಹೊರಡುವಾಗ ಎಳೆಯುವುದು ಅದರ ಸುಮಾರು ಆರು ಪಟ್ಟು. ಹತ್ತೂ ಒಂದೇ ಕ್ಷಣದಲ್ಲಿ ಹೊರಟರೆ 450 ಆಂಪಿಯರ್! ಟ್ರಾನ್ಸ್‌ಫಾರ್ಮರಿನೊಳಗೇ ಐದನೇ ಒಂದು ಭಾಗದಷ್ಟು ವೋಲ್ಟೇಜು ಬಿದ್ದುಹೋಗುತ್ತದೆ, ಉದ್ದದ ಲೈನಿನಲ್ಲಿ ಬೀಳುವುದು ಬೇರೆ. ಕಾಂಟ್ಯಾಕ್ಟರುಗಳನ್ನು ನಮೂದಿಸಿದ ವೋಲ್ಟೇಜಿನ ಶೇಕಡ 85ರವರೆಗೆ ಸರಿಯಾಗಿ ಕಚ್ಚುವಂತೆ ಮಾಡಿರುತ್ತಾರೆ. 415 ವೋಲ್ಟಿನ ಕಾಯಿಲಿಗೆ ಅದು ಸುಮಾರು 353 ವೋಲ್ಟು. ಅದಕ್ಕಿಂತ ಕೆಳಗೆ ಸುರುಳಿ ಎಳೆಯಲು ಹೋಗಿ ಸೋಲುತ್ತದೆ. ಕಬ್ಬಿಣ ಅರ್ಧ ಇಳಿದು ನಿಲ್ಲುತ್ತದೆ, ಇಲ್ಲವೇ ಕಾರಿನ ಸ್ಟಾರ್ಟರಿನಂತೆ ಟಪಟಪ ಬಡಿದುಕೊಳ್ಳುತ್ತದೆ. ಸಂದು ತೆರೆದೇ ಇರುತ್ತದೆ, ಪ್ರವಾಹ ಇಳಿಯುವುದಿಲ್ಲ. ಮೋಟಾರಿನ ಬೆಸುಗೆ ಬಿಂದುಗಳು ಕಿಡಿ ಹಾರಿಸುತ್ತವೆ. ಬೆಳಗ್ಗೆ ನೋಡಿದರೆ ಕಾಯಿಲ್ ಕರಕಲು. 'ಈ ಕಂಪನಿ ಕಾಯಿಲ್ ಸರಿಯಿಲ್ಲ' ಎಂದು ಬೇರೆ ಕಂಪನಿಯದು ತರುತ್ತಾರೆ. ಅದೂ ಸುಡುತ್ತದೆ. ಏಕೆಂದರೆ ಸುಟ್ಟದ್ದು ಕಾಯಿಲ್ ಕಳಪೆಯೆಂದಲ್ಲ, ಸಂದು ಮುಚ್ಚಲಿಲ್ಲವೆಂದು.

ಸಂದು ಮುಚ್ಚದಿರಲು ಬೇರೆ ಕಾರಣಗಳೂ ಇವೆ, ಅವು ಇನ್ನೂ ಸರಳ. ಕಣಜ ಕಟ್ಟಿದ ಮಣ್ಣಿನ ಗೂಡು, ಇರುವೆ ಸಾಲು, ಬೆಚ್ಚಗಿದೆ ಎಂದು ಒಳಹೊಕ್ಕು ಸಿಕ್ಕಿಕೊಂಡ ಹಲ್ಲಿ. ಅರ್ಧ ಮಿಲಿಮೀಟರು ಸಾಕು. ಮೇನ್ ಸ್ವಿಚ್ ತೆಗೆದು, ಫ್ಯೂಸುಗಳನ್ನು ಕಿತ್ತು ಕೈಯಲ್ಲಿಟ್ಟುಕೊಂಡ ಮೇಲೆ, ಕೆಲಸ ಬಲ್ಲವರಿಂದ ಆಗಾಗ ಒಳಗನ್ನು ಸ್ವಚ್ಛ ಮಾಡಿಸಿ, ತಂತಿ ನುಗ್ಗುವ ತೂತುಗಳನ್ನು ಮುಚ್ಚಿಸಿದರೆ ಎಷ್ಟೋ ಕಾಯಿಲ್ ಉಳಿಯುತ್ತವೆ.

ಆಟೋ ಬೇಕೇ ಬೇಕೆನ್ನುವವರು ತಡಮಾಡಿ ಹಿಡಿಯುವ ಬಗೆಯದನ್ನು ಹಾಕಿಸಬಹುದು. ಒಂದು ಟ್ರಾನ್ಸ್‌ಫಾರ್ಮರಿನ ಹತ್ತು ಮಂದಿ ಮಾತಾಡಿಕೊಂಡು ಮೊದಲನೆಯವರದು 10 ಸೆಕೆಂಡು, ಎರಡನೆಯವರದು 20, ಹೀಗೆ ಹೊಂದಿಸಿಕೊಂಡರೆ ನೂರು ಸೆಕೆಂಡಿನಲ್ಲಿ ಎಲ್ಲ ಮೋಟಾರೂ ಹೊರಟಿರುತ್ತವೆ, ಯಾರ ವೋಲ್ಟೇಜೂ ಕುಸಿಯುವುದಿಲ್ಲ. ಹತ್ತು ಮಂದಿ ಮಾತಾಡಿಕೊಳ್ಳುವುದು ಭೌತಶಾಸ್ತ್ರಕ್ಕಿಂತ ಕಷ್ಟವಿರಬಹುದು. ಈಗ ಸಿಗುವ ಮೊಬೈಲ್ ಸ್ಟಾರ್ಟರುಗಳಲ್ಲಿ ಕೆಲವು ಮೂರು ಫೇಸನ್ನೂ ವೋಲ್ಟೇಜನ್ನೂ ನೋಡಿಯೇ ಸುರುಳಿಗೆ ವಿದ್ಯುತ್ ಕೊಡುತ್ತವೆ. ಕೊಳ್ಳುವಾಗ ಆ ಎರಡು ಗುಣ ಇವೆಯೇ ಎಂದು ಕೇಳಿ. ಫೇಸ್ ನೋಡುವುದು ಏಕೆ ಮುಖ್ಯ ಎಂದರೆ, ಸುರುಳಿಗೆ ಬರುವುದು ಎರಡು ಫೇಸಿನ ತಂತಿ. ಮೂರನೆಯದು ಹೋದರೆ ಅದಕ್ಕೆ ಗೊತ್ತೇ ಆಗುವುದಿಲ್ಲ, ಹಿಡಿದುಕೊಂಡೇ ಇರುತ್ತದೆ. ಮೋಟಾರು ಎರಡೇ ಫೇಸಿನಲ್ಲಿ ನರಳುತ್ತಾ ಬಿಸಿಯಾಗುತ್ತದೆ. ಆಗ ಓವರ್‌ಲೋಡ್ ರಿಲೇ ಇಲ್ಲವೇ ಪ್ರತ್ಯೇಕ ಫೇಸ್ ರಕ್ಷಕ ಸುರುಳಿಯ ದಾರಿ ಕಡಿಯಬೇಕು.

ಒಂದು ಕೆಲಸವನ್ನಂತೂ ಮಾಡಲೇಬಾರದು. ಕಾಯಿಲ್ ಸುಟ್ಟಿದೆ, ಬೆಳೆ ಒಣಗುತ್ತಿದೆ ಎಂದು ಪೆಟ್ಟಿಗೆಯ ಬಾಗಿಲು ತೆಗೆದು ಕಾಂಟ್ಯಾಕ್ಟರನ್ನು ಕೋಲಿನಿಂದ ಒತ್ತಿ, ಸಂದಿಗೊಂದು ಚಕ್ಕೆ ಸಿಗಿಸಿ ಮೋಟಾರು ಓಡಿಸುವುದುಂಟು. ಮುಖದ ಮುಂದೆಯೇ ಕಿಡಿ ಸಿಡಿಯುವ ಅಪಾಯ ಒಂದು. ಇನ್ನೊಂದು, ಕಣ್ಣಿಗೆ ಕಾಣದ್ದು: ಓವರ್‌ಲೋಡ್ ರಿಲೇ ಕಡಿಯುವುದು ಸುರುಳಿಯ ದಾರಿಯನ್ನು ಮಾತ್ರ ಎಂದೆನಲ್ಲ. ಸುರುಳಿಯ ಬದಲು ಮರದ ಚಕ್ಕೆ ಹಿಡಿದಿದ್ದರೆ ರಿಲೇ ಕಡಿದರೂ ಏನೂ ಆಗದು, ಕೆಂಪು ಗುಂಡಿ ಒತ್ತಿದರೂ ಮೋಟಾರು ನಿಲ್ಲದು. ನೂರಾರು ರೂಪಾಯಿಯ ಕಾಯಿಲ್ ಉಳಿಸಲು ಹೋಗಿ ಕೊಳವೆಬಾವಿಯಿಂದ ಮೋಟಾರು ಎತ್ತಿಸಿ ಮತ್ತೆ ಸುತ್ತಿಸುವ ಖರ್ಚು ಬರುತ್ತದೆ.

ವಿದ್ಯಾರ್ಥಿಗಳಿಗೆ ಈಗ ಕೈಕೆಲಸ. ಖಾಲಿ ಬಾಲ್‌ಪೆನ್ನಿನ ಹೊರಕೊಳವೆಯ ನಡುಭಾಗದಲ್ಲಿ 28ನೇ ಗೇಜಿನ ಎನಾಮಲ್ ತಾಮ್ರದ ತಂತಿಯನ್ನು 200 ಸುತ್ತು ಒತ್ತಾಗಿ ಸುತ್ತಿ. ಆರೇಳು ಮೀಟರ್ ತಂತಿ ಬೇಕು. ತುದಿಗಳ ಎನಾಮಲನ್ನು ಮರಳುಕಾಗದದಿಂದ ಕೆರೆದು ಎರಡು ಟಾರ್ಚ್ ಸೆಲ್ಲುಗಳಿಗೆ ಕ್ಷಣಕಾಲ ಮಾತ್ರ ಮುಟ್ಟಿಸಿ. ಹೆಚ್ಚು ಹೊತ್ತು ಹಿಡಿದರೆ ತಂತಿಯೂ ಸೆಲ್ಲೂ ಬಿಸಿಯಾಗುತ್ತವೆ. ಗೋಡೆಯ ಪ್ಲಗ್ಗಿಗೆ ಈ ಸುರುಳಿಯನ್ನು ಎಂದೂ ತೋರಿಸಬೇಡಿ. ಕೊಳವೆಯನ್ನು ಮಲಗಿಸಿ, ಬಾಯಲ್ಲಿ ಸಣ್ಣ ಕಬ್ಬಿಣದ ಮೊಳೆಯಿಡಿ. ಮೊಳೆಯ ತುದಿ ಸುರುಳಿಯಿಂದ ದೂರವಿದ್ದಾಗ, ಹತ್ತಿರವಿದ್ದಾಗ, ಒಳಹೊಕ್ಕಾಗ ಎಳೆತ ಹೇಗಿದೆ ನೋಡಿ. ಮೊಳೆ ಸುರುಳಿಯನ್ನು ದಾಟಿ ಆಚೆ ಹಾರುವುದಿಲ್ಲ. ನಡುವನ್ನು ದಾಟಿದರೆ ಹಿಂದಕ್ಕೆ ಎಳೆಯಲ್ಪಟ್ಟು, ಎರಡು ಸಲ ತೂಗಿ ನಡುವೆಯೇ ನಿಲ್ಲುತ್ತದೆ. ಅಲ್ಲಿ ಎರಡೂ ಕಡೆಯ ಎಳೆತ ಸಮ. ಸರಿಯಾದ ಕ್ಷಣದಲ್ಲಿ ತಂತಿ ಬಿಡಿಸಿದರೆ ಮಾತ್ರ ಆಚೆ ಹೊರಟುಹೋಗುತ್ತದೆ. ಸೆಲ್ಲುಗಳನ್ನು ತಿರುಗಿಸಿ ಮತ್ತೆ ನೋಡಿ, ಎಳೆಯುವುದು ಒಳಕ್ಕೇ.

ಆಮೇಲೆ ಮೊಳೆಯನ್ನು ತೆಗೆದು ಅದರ ಬದಲು ಕೊಳವೆಯೊಳಗೆ ಸಲೀಸಾಗಿ ಜಾರುವ ಒಂದು ಪುಟ್ಟ ದಂಡಕಾಂತವನ್ನು ಬಾಯಲ್ಲಿಟ್ಟು, ಸೆಲ್ಲುಗಳನ್ನು ಒಂದು ಸಲ ಹೀಗೆ, ಒಂದು ಸಲ ಹಾಗೆ ಜೋಡಿಸಿ. ಈ ಸಲ ಏನಾಯಿತು, ಏಕಾಯಿತು ಎಂದು ಬರೆದಿಟ್ಟುಕೊಳ್ಳಿ. ಧ್ವನಿವರ್ಧಕದ ವಿಷಯ ಹೇಳುವಾಗ ಮುಂದಿನ ವಾರ ಅದು ಬೇಕಾಗುತ್ತದೆ.